ಅತ್ತೆಯ ಮೊದಲ ತುತ್ತು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುತ್ತದೆ. ಗೊಬ್ಬರದ ಅಂಗಡಿಯವರು ವರ್ಷಕ್ಕೊಂದು ಕೊಡುವಂಥದ್ದು. ಮೇಲೆ ಲಕ್ಷ್ಮಿಯ ಚಿತ್ರ, ಕೆಳಗೆ ಅರ್ಧ ಅಂಗೈಯಷ್ಟು ಅಗಲದ ಚೌಕಗಳು. ಆ ಚೌಕಗಳಲ್ಲಿ ನಾನು ಬರೆಯುತ್ತೇನೆ. ನಲ್ಲಿ ನೀರು ಬಂದ ದಿನ ‘ನೀ’, ಸಿಲಿಂಡರ್ ಹಚ್ಚಿದ ದಿನ ‘ಸಿ’, ಹೆಪ್ಪು ಕೆಟ್ಟ ದಿನ, ಉಪ್ಪಿನಕಾಯಿ ಹಾಕಿದ ದಿನ, ಯಾರು ಉಣ್ಣಲಿಕ್ಕೆ ಬಂದಿದ್ದರು, ಏನು ಪಲ್ಯ. ಹಿರೇಕೆರೂರಿಗೆ ಸೊಸೆಯಾಗಿ ಬಂದ ವರ್ಷದಿಂದ ಇದೇ ರೂಢಿ. ಹಳೆಯವನ್ನೂ ಎಸೆದಿಲ್ಲ, ಸುರುಳಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ನಮ್ಮನೆಯವರು ಬಸ್ಸಿನ ಕಂಡಕ್ಟರ್. “ನಾ ವೇಬಿಲ್ ಬರದದ್ದಕ್ಕಿಂತ ನೀ ಗ್ವಾಡಿ ಮ್ಯಾಲ ಬರದದ್ದ ಹೆಚ್ಚಾತು ನೋಡು” ಎಂದು ನಗುತ್ತಾರೆ. ನಗಲಿ. ಹೋದ ವರ್ಷ ನಮ್ಮ ಅತ್ತೆಯನ್ನು ಮೊಮ್ಮಗಳ ಕುಬಸಕ್ಕೆ ಶಿಗ್ಗಾಂವಿಗೆ ಕರೆದುಕೊಂಡು ಹೋದದ್ದು ಆ ಚೌಕಗಳೇ.

ಅತ್ತೆಯ ಬಗ್ಗೆ ಮೊದಲು ಹೇಳಬೇಕು. ತವರು ಹಂಸಭಾವಿ. ಎತ್ತರದ ಆಳು, ದೊಡ್ಡ ದನಿ. ಅವರು ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತದೆ, ಅಷ್ಟು ತೆಳು. ನಾನು ಬಂದಾಗಿನಿಂದ ಅವರು ಬಡಿಯುವುದು, ನಾನು ಬೇಯಿಸುವುದು. ಹಂಚಿನ ಮೇಲೆ ಜಾಗ ಇಲ್ಲದಿದ್ದರೆ ಅವರ ಕೈ ತಾನಾಗಿ ಮೆಲ್ಲಗಾಗುತ್ತದೆ. ನಾನು ಒಂದು ರೊಟ್ಟಿ ಎತ್ತಿದ್ದೇ ತಡ, ಇನ್ನೊಂದು ಬಂದು ಹಂಚಿನ ಮೇಲೆ ಬೀಳುತ್ತದೆ. ನಡುವೆ ಒಂದು ಮಾತಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಮ್ಮಿಬ್ಬರಿಗೆ ಉಳಿದ ಎಲ್ಲ ವಿಷಯಕ್ಕೂ ಜಗಳ ಆಗಿದೆ, ರೊಟ್ಟಿಯ ವಿಷಯಕ್ಕೆ ಒಮ್ಮೆಯೂ ಆಗಿಲ್ಲ.

ಅತ್ತೆಗೆ ಪಿತ್ತಕೋಶದಲ್ಲಿ ಹರಳು ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಅದರಲ್ಲೊಂದು ಜಾರಿ, ಪಿತ್ತವೂ ಮೇದೋಜೀರಕದ ರಸವೂ ಕರುಳಿಗೆ ಇಳಿಯುವ ಬಾಯಿಗೆ ಸಿಕ್ಕಿಕೊಂಡಿತು. ಹೊಟ್ಟೆ ಹಿಡಿದುಕೊಂಡು ಹೊರಳಾಡಿದರು. ದಾವಣಗೆರೆಯ ದವಾಖಾನೆಯಲ್ಲಿ ಇಪ್ಪತ್ತು ದಿನ ಮಲಗಿದರು. ಜೀವ ಉಳಿಯಿತು, ಆದರೆ ಮೇದೋಜೀರಕ ಗ್ರಂಥಿ ಬಹಳಷ್ಟು ಕೆಟ್ಟುಹೋಗಿತ್ತು. ಅನ್ನ, ಬೇಳೆ, ಎಣ್ಣೆ, ತುಪ್ಪ ಇವನ್ನೆಲ್ಲ ಒಡೆದು ಮೈಗೆ ಹತ್ತಿಸುವ ರಸ ಅದರಿಂದಲೇ ಬರಬೇಕಂತೆ. ಇನ್ನು ಮುಂದೆ ಆ ರಸವನ್ನು ಗುಳಿಗೆಯಲ್ಲಿ ಕೊಡಬೇಕು ಎಂದರು ಡಾಕ್ಟರು. ಚೀಟಿಯ ಮೇಲೆ ಅಚ್ಚ ಕನ್ನಡದಲ್ಲಿ ಬರೆದುಕೊಟ್ಟರು: ಊಟದ ಜೊತೆ.

ಮನೆಗೆ ಬಂದು ಮೂರು ತಿಂಗಳಾದರೂ ಅತ್ತೆ ಸುಧಾರಿಸಲಿಲ್ಲ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಕೆಟ್ಟ ದಿನಗಳಲ್ಲಿ ನಾಲ್ಕೈದು ಸಲ ಹೊರಗೆ ಓಡಾಟ, ನೀರು ಹಾಕಿದರೂ ಹೋಗದಂಥ ಜಿಡ್ಡು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಡಾಕ್ಟರು ಮೊದಲು ಕೇಳುವುದೇ ಅದನ್ನು. ಖಣದ ಕುಪ್ಪಸದ ತೋಳು ಜೋತು ಬಿದ್ದಾಗ ನಾನೇ ಕೈಹೊಲಿಗೆ ಹಾಕಿ ಒಳಗೆ ಹಿಡಿದೆ. ತಿಂಗಳು ಬಿಟ್ಟು ಇನ್ನೊಂದು ಸಲ ಹಿಡಿಯಬೇಕಾಯಿತು.

ಅಷ್ಟರಲ್ಲಿ ಶಿಗ್ಗಾಂವಿಯಿಂದ ಸುದ್ದಿ ಬಂತು. ಅಲ್ಲಿ ಕೊಟ್ಟ ನನ್ನ ಮಗಳು ಬಸುರಿ, ಏಳನೇ ತಿಂಗಳಿಗೆ ಕುಬಸ. ನಾವು ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ ಸೀರೆ ಕುಪ್ಪಸ ಉಡಿಸಿ ಬರಬೇಕು. ಮಗಳು ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳನ್ನು ಬೆಳೆಸಿದ್ದು ನಾನಲ್ಲ, ಅತ್ತೆ.

“ಬುತ್ತಿ ರೊಟ್ಟಿ ನಾನ ಬಡೀತೇನಿ. ನಾನ ಹೊತ್ಕೊಂಡು ಹೊಕ್ಕೇನಿ” ಎಂದರು ಅತ್ತೆ.

ನಮ್ಮನೆಯವರು ತಲೆ ಕೆರೆದುಕೊಂಡರು. “ಯವ್ವಾ, ಹಾವೇರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ನಡಬರಕ ಎಲ್ಲೆಲ್ಲಿ ಇಳಸಲಿ ನಿನ್ನ?”

“ನಿನ್ನ ಬಸ್ಸು ಹಳ್ಳಿ ಹಳ್ಳಿಗೂ ನಿಂದರತೈತಿ, ನನ್ನ ಸಲುವಾಗಿ ಒಮ್ಮಿ ನಿಂದ್ರಿಸಿದ್ರ ಏನಾತೋ?”

“ಬೀಗರ ಮನ್ಯಾಗ ಹೆಂಗ ಮಾಡ್ತಿ? ಅಲ್ಲಿ ಉಣ್ಣಲಿಕ್ಕ ಬೇಕು. ಉಂಡ್ರ...”

ಇಡೀ ಓಣಿಗೆ ಕೇಳುವ ಹಾಗೆ ಮಾತಾಡುವ ಹೆಂಗಸು ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಣಗಿದವೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡುತ್ತ ನಿಂತುಬಿಟ್ಟರು. ಕುಬಸಕ್ಕೆ ಮೂರು ತಿಂಗಳು ಉಳಿದಿತ್ತು. ಅವರು ಹೋಗುವಂತಾಗಬೇಕು, ಅಲ್ಲಿ ಕೂತು ಉಣ್ಣುವಂತಾಗಬೇಕು. ನನಗೆ ಬೇಕಾದದ್ದು ಅಷ್ಟೇ.

ಅಂದಿನಿಂದ ಚೌಕದಲ್ಲಿ ಹೊಸದೊಂದು ಗುರುತು ಸೇರಿತು. ಅತ್ತೆಯ ಹೊಟ್ಟೆ ಕೆಟ್ಟ ದಿನ ಕರಿ ಚುಕ್ಕೆ.

ಎರಡು ವಾರ ಆದ ಮೇಲೆ ನೋಡಿದರೆ ‘ನೀ’ ಇದ್ದಲ್ಲೆಲ್ಲ ಚುಕ್ಕೆ ಇತ್ತು. ಹಾಂ, ಸಿಕ್ಕಿತು ಕಳ್ಳ ಅಂದುಕೊಂಡೆ. ನಲ್ಲಿಯ ಹೊಸ ನೀರೇ ಕಾರಣ! ಅವತ್ತಿನಿಂದ ಅತ್ತೆಗೆ ಕುದಿಸಿ ಆರಿಸಿದ ನೀರು. ಒಂದು ವಾರ ಹಂಡೆ ಕುದಿಸಿದ್ದೇ ಕುದಿಸಿದ್ದು. ಚುಕ್ಕೆಗಳು ಜಗ್ಗಲಿಲ್ಲ.

ಆಮೇಲೆ ಸಂತೆಯ ದಿನಗಳು ಕಣ್ಣಿಗೆ ಬಿದ್ದವು. ಸಂತೆಗೆ ಹಂಸಭಾವಿಯಿಂದ ಅತ್ತೆಯ ತವರಿನವರು ಬರುತ್ತಾರೆ, ಮಧ್ಯಾಹ್ನ ನಮ್ಮಲ್ಲೇ ಊಟ. ಬಂದವರಿಗೆ ಮಿರ್ಚಿ ಕರಿಯುತ್ತೇವೆ. ಕದ್ದು ತಿಂದಿರಬೇಕು ಎಂದು ಅತ್ತೆಯ ಮೇಲೆಯೇ ಅನುಮಾನ ಬಂತು. ಕೇಳಿಯೂ ಬಿಟ್ಟೆ.

“ಸಣ್ಣ ಹುಡುಗರನ್ನ ಕೇಳಿದಂಗ ಕೇಳ್ತೀ ಅಲ್ಲ! ಮೂಸಿ ನೋಡು ನನ್ನ ಕೈ” ಎಂದು ಅಂಗೈ ನನ್ನ ಮೂಗಿಗೇ ಹಿಡಿದರು. ಹೆಸರುಕಾಳಿನ ಪಲ್ಯದ ವಾಸನೆ, ಅಷ್ಟೇ. ಮಿರ್ಚಿಯ ಸುಳಿವಿರಲಿಲ್ಲ. ಅನುಮಾನಿಸಿದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಅದನ್ನೂ ಚೌಕದಲ್ಲಿ ಬರೆದಿದ್ದೇನೆ.

ಗೋವಿನಜೋಳ ಒಕ್ಕುವ ಕಾಲ ಬಂತು. ಮಾವನವರು ಹೊಲದಲ್ಲೇ ರಾಶಿ ಕಾಯುತ್ತ ಉಳಿದರು, ನಮ್ಮನೆಯವರೂ ರಜೆ ಹಾಕಿ ಅಲ್ಲಿಗೇ ಹೋದರು. ಬುತ್ತಿ ಬೆಳಗಿನಲ್ಲೇ ಹೋಗುತ್ತಿತ್ತು. ಐದು ದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಹಂಚು ಇಳಿಸಿ, ಕೈ ತೊಳೆದು, ಅಲ್ಲೇ ಒಲೆಯ ಮುಂದೆ ಇಬ್ಬರೂ ಕೂತು ಉಣ್ಣುತ್ತಿದ್ದೆವು. ಅದರಲ್ಲೊಂದು ದಿನ ಅತ್ತೆ ಹಟ ಹಿಡಿದು ಎಣ್ಣೆಗಾಯಿ ಹಾಕಿಸಿಕೊಂಡರು. “ಎಣ್ಣಿ ತೇಲಾಕತ್ತೈತ್ರಿ, ಬ್ಯಾಡ್ರಿ” ಎಂದರೂ ಕೇಳಲಿಲ್ಲ. ಸಂಜೆಗೆ ನಾನು ಪೆನ್ನು ಹಿಡಿದು ಕಾದೆ. ಏನೂ ಆಗಲಿಲ್ಲ. ಆ ಐದು ದಿನದ ಐದೂ ಚೌಕ ಸ್ವಚ್ಛ.

ಆರನೆಯ ದಿನ ಗಂಡಸರು ಮನೆಗೆ ಬಂದರು. ಚುಕ್ಕೆಯೂ ಬಂತು.

ಮಗಳಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಅವಳು ಮೇಷ್ಟ್ರ ದನಿಯಲ್ಲಿ ಕೇಳಿದಳು, “ಆಯಿ ಗುಳಿಗಿ ಯಾವಾಗ ತಗೋತಾಳ?”

“ಊಟದ ಜೊತಿಗೇ. ಡಾಕ್ಟರ್ ಹಂಗ ಬರದಾರಲ್ಲ.”

“ಯಾರ ಊಟದ ಜೊತಿಗೆ, ಅವ್ವಾ?”

ಇದೆಂಥ ಪ್ರಶ್ನೆ ಎಂದುಕೊಂಡೆ. ಮರುದಿನ ಮಧ್ಯಾಹ್ನ ಗೋಡೆಯ ಗಡಿಯಾರ ನೋಡುತ್ತ ಅಡುಗೆಮನೆಯಲ್ಲಿ ಕೂತೆ. ಒಂದು ಗಂಟೆಗೆ ಮಾವನವರಿಗೂ ನಮ್ಮನೆಯವರಿಗೂ ತಾಟು ಹಾಕಿದೆವು. ತಾಟು ನೆಲಕ್ಕೆ ತಾಗುತ್ತಲೇ ಅತ್ತೆ ಸೆರಗಿನ ಗಂಟು ಬಿಚ್ಚಿ, ಎರಡೂ ಗುಳಿಗೆ ಒಟ್ಟಿಗೆ ಬಾಯಿಗೆ ಹಾಕಿ, ನೀರು ಕುಡಿದರು. ಆಮೇಲೆ ಬಡಿಸಲಿಕ್ಕೆ ನಿಂತರು. ಗಂಡಸರು ಮೊಸರು ಬೇಕೆಂದರು, ಅತ್ತೆ ತಂದರು. ಪಕ್ಕದ ಓಣಿಯವರು ಯಾರೋ ಬಂದರು, ಅವರಿಗೂ ಒಂದು ತಾಟು. ಆಮೇಲೆ ಒಲೆ ಬಳಿದು, ತಾಟು ಎತ್ತಿಟ್ಟು, ಬೆಕ್ಕಿಗೆ ಹಾಕಿ, ತಾವು ಮೊದಲ ತುತ್ತು ಮುರಿದಾಗ ಎರಡೂವರೆಗೆ ಐದು ನಿಮಿಷ ಕಮ್ಮಿ.

ಅತ್ತೆಯದು ಮರೆವಲ್ಲ, ಉದಾಸೀನವೂ ಅಲ್ಲ. ಒಂದು ದಿನವೂ ಗುಳಿಗೆ ತಪ್ಪಿಸಿದವರಲ್ಲ. ಅವರ ಲೆಕ್ಕದಲ್ಲಿ ಊಟ ಎಂದರೆ ಮನೆಯ ಊಟ. ಗಂಡಸರು ಕೂತಾಗ ಅದು ಶುರುವಾಗುತ್ತದೆ. ತನ್ನದು ಎಂದು ಬೇರೆ ಒಂದು ಊಟ ಇದೆ, ಡಾಕ್ಟರು ಹೇಳಿದ್ದು ಅದರ ಬಗ್ಗೆ ಎಂದು ಐವತ್ತು ವರ್ಷ ಕಡೆಗೆ ಉಂಡ ಹೆಂಗಸಿಗೆ ಹೊಳೆಯುವುದಾದರೂ ಹೇಗೆ? ನೀರು ಬಂದ ದಿನ ಕೊಡ ತುಂಬುವ ಗಡಿಬಿಡಿ, ಸಂತೆಯ ದಿನ ಜನ. ಆ ದಿನಗಳಲ್ಲಿ ಅವರ ತುತ್ತು ಇನ್ನೂ ತಡ. ನಾವಿಬ್ಬರೇ ಇದ್ದ ಐದು ದಿನ ಗುಳಿಗೆಯೂ ತುತ್ತೂ ಕೂಡಿಯೇ ಒಳಗೆ ಹೋಗಿದ್ದವು. ಕ್ಯಾಲೆಂಡರಿನಲ್ಲಿ ಎಲ್ಲವೂ ಇತ್ತು. ಓದಲಿಕ್ಕೆ ನನಗೆ ಬಂದಿರಲಿಲ್ಲ.

ರಾತ್ರಿ ಮಗಳು ಮತ್ತೆ ಫೋನು ಮಾಡಿ ಬಿಡಿಸಿ ಹೇಳಿದಳು. ನಾನು ಒಂಬತ್ತನೇ ತರಗತಿಯವರೆಗೆ ಓದಿದವಳು. ಮಗಳು ಪಾಠ ಹೇಳುವುದನ್ನು ಕೇಳುವಾಗ ಕಿವಿಗಿಂತ ಎದೆಯೇ ತುಂಬುತ್ತದೆ. ಆದರೂ ಗಮನವಿಟ್ಟು ಕೇಳಿದೆ.

“ರೊಟ್ಟಿ ಬಡಿಯೂ ಸಪ್ಪಳ ಕೇಳಿದ ಕೂಡಲೇ ಬಾಯಾಗ ನೀರು ಬರ್ತಾವ ಹೌದಿಲ್ಲೋ? ಅಷ್ಟರಾಗ ಜಠರಕ್ಕೂ ಸುದ್ದಿ ಮುಟ್ಟಿರತೈತಿ ಅವ್ವಾ. ಅದು ಹುಳಿರಸ ಬಿಡಾಕ ಸುರು ಮಾಡತೈತಿ. ತುತ್ತು ಬಿದ್ದು ಜಠರ ಹಿಗ್ಗಿದಂಗ ಇನ್ನಷ್ಟು ಬಿಡತೈತಿ. ಹುಳಿ ಭಾಳ ಆತಂದ್ರ ತಾನ ಕಮ್ಮಿ ಮಾಡ್ಕೋತೈತಿ.”

“ಯಾರು ಹೇಳ್ತಾರ ಅದಕ್ಕ?”

“ಯಾರೂ ಮ್ಯಾಲ ಕುಂತು ಹೇಳಂಗಿಲ್ಲ. ಒಬ್ಬರಿಗೊಬ್ಬರು ಹೇಳ್ಕೋತಾವು. ಜಠರ ಅರದದ್ದನ್ನ ಸ್ವಲ್ಪ ಸ್ವಲ್ಪ ಸಣ್ಣ ಕರುಳಿಗೆ ದೂಡತೈತಿ. ಕರುಳು ರುಚಿ ನೋಡಿದಂಗ ನೋಡತೈತಿ. ಹುಳಿ ಬಂತಾ? ರಕ್ತದಾಗ ಒಂದು ಹಾರ್ಮೋನು ಬಿಟ್ಟು ಮೇದೋಜೀರಕಕ್ಕ ಸುದ್ದಿ ಕಳಸತೈತಿ, ಸೋಡಾದ ನೀರಿನಂಥಾ ರಸ ಕಳಸು, ಈ ಹುಳಿ ಮುರೀಬೇಕು ಅಂತ. ಎಣ್ಣಿ ಬಂತಾ, ಬ್ಯಾಳಿ ಬಂತಾ? ಮತ್ತೊಂದು ಹಾರ್ಮೋನು. ಅದಕ್ಕ ಮೇದೋಜೀರಕ ಒಡಿಯೂ ರಸ ಕಳಸತೈತಿ, ಪಿತ್ತಕೋಶ ಪಿತ್ತ ಹಿಂಡತೈತಿ. ಕರುಳಿಗೆ ಕೆಲಸ ಭಾಳಾತಂದ್ರ ಜಠರಕ್ಕ ತಿರುಗಿ ಹೇಳತೈತಿ, ಸಾವಕಾಶ ದೂಡು, ಇಲ್ಲಿ ಇನ್ನೂ ಮುಗದಿಲ್ಲ ಅಂತ.”

ನನಗೆ ಬೇರೆ ಯಾವ ಚಿತ್ರವೂ ಬೇಕಾಗಲಿಲ್ಲ. ಅದು ನಾನೂ ಅತ್ತೆಯೂ ರೊಟ್ಟಿ ಮಾಡುವ ಹಾಗೆಯೇ ಇತ್ತು. ಹಂಚು ತುಂಬಿದ್ದರೆ ಬಡಿಯುವ ಕೈ ಕಾಯುತ್ತದೆ, ಖಾಲಿಯಾದರೆ ಬೀಸುತ್ತದೆ. ಬಾಯಿ ಬಿಟ್ಟು ಹೇಳುವವರು ಯಾರೂ ಇಲ್ಲ.

“ಗುಳಿಗಿಗೆ ಮಾತ್ರ ಕಿವಿ ಇಲ್ಲ ಅವ್ವಾ” ಎಂದಳು ಮಗಳು. “ಕರುಳು ಎಷ್ಟು ಕರದ್ರೂ ಅದಕ್ಕ ಕೇಳಂಗಿಲ್ಲ. ನಾವು ಕಳಿಸಿದಾಗ ಹೊಕ್ಕೈತಿ. ಅನ್ನಕ್ಕಿಂತ ತಾಸು ಮೊದಲ ಕಳಿಸಿದ್ರ ಅದು ಹೋಗಿ, ಯಾರೂ ಇಲ್ಲ ಅಂತ ಮುಂದ ಸಾಗತೈತಿ. ಕರಿಯೂ ಕೆಲಸ ಇನ್ನ ನಿಮ್ಮದು.”

ಗೊತ್ತಾದ ಮೇಲೆ ಬಿಡುವವಳಲ್ಲ ನಾನು. ಗುಳಿಗೆಯ ಡಬ್ಬಿ ಅತ್ತೆಯ ಸೆರಗಿನಿಂದ ನನ್ನ ಸೆರಗಿಗೆ ಬಂತು. ತುತ್ತು ಕೈಯಲ್ಲಿ ಹಿಡಿಯದ ಹೊರತು ಗುಳಿಗೆ ಇಲ್ಲ. ಆದರೆ ಅದೊಂದರಿಂದಲೇ ಆಗಲಿಲ್ಲ. ಎರಡೂವರೆಯವರೆಗೆ ಹಸಿದಿದ್ದು ಅತ್ತೆಗೆ ತಲೆ ತಿರುಗುತ್ತಿತ್ತು. ಹೊತ್ತಿಗೆ ಸರಿಯಾಗಿ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಉಣ್ಣಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೊದಲು ಉಣಿಸಲು ಕೂರಿಸಿದರೆ ಎರಡು ತುತ್ತಿಗೆ ಎದ್ದು ಬಿಡುತ್ತಿದ್ದರು. ಅರ್ಧ ತಾಸು ಬಿಟ್ಟು ಮತ್ತೆ ಎರಡು ತುತ್ತು. ಒಂದು ಊಟದ ಗುಳಿಗೆ ಎಷ್ಟು ಸಲ ಬರಬೇಕು?

“ಗಂಡಸರ ತಾಟಿಗೆ ಹಾಕೂಕಿಂತ ಮೊದ್ಲ ನಾ ಉಣ್ಣಲಿ ಅಂತಿ? ನಿಂಗೇನು ತಲಿ ಗಿಲಿ ಐತಿಲ್ಲೊ?”

“ಡಾಕ್ಟರ್ ಹೇಳ್ಯಾರ್ರಿ ಅತ್ತಿ.”

“ಡಾಕ್ಟರ್‌ನ ಅತ್ತಿಗೆ ಹೇಳಂತ ಹೇಳು!”

ಪಡಸಾಲೆಯಲ್ಲಿ ತಾಟಿನ ಮುಂದೆ ಕೂತಿದ್ದ ಮಾವನವರಿಗೆ ಇದೆಲ್ಲ ಕೇಳುತ್ತಿತ್ತು. ಮಾತು ಕಮ್ಮಿ ಅವರದು. ಉಣ್ಣಲು ಕೂತರೆ ಮನೆಗೆ ಬೆಂಕಿ ಬಿದ್ದರೂ ತಲೆ ಎತ್ತುವವರಲ್ಲ. ಅಂದು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಬಿಸಿ ರೊಟ್ಟಿ ಆರಿತು. ಪಲ್ಯವೂ ಆರಿತು.

“ಯಾಕ್ರಿ? ಉಪ್ಪು ಕಮ್ಮಿ ಆಗೇತೇನ್ರಿ?” ಎಂದರು ಅತ್ತೆ ಒಳಗಿನಿಂದ.

“ಮುಟ್ಟಿದ್ರ ಗೊತ್ತಾಗತೈತಿ.”

“ಮುಟ್ಟ್ರಿ ಮತ್ತ.”

“ನಿನ್ನ ಗುಳಿಗಿ ಇಳೀಲಿ. ತಾಟು ಖಾಲಿ ಮಾಡಿ ತೋರ್ಸು. ಆಮ್ಯಾಲ ನಾ.”

ಅತ್ತೆ ನನ್ನ ಮುಖ ನೋಡಿದರು, ನಾನು ಹಂಚಿನ ಮುಖ ನೋಡಿದೆ. “ಈ ವಯಸ್ಸಿನ್ಯಾಗ ಇದೊಂದು ಬಾಕಿ ಇತ್ತು ನೋಡು ಇವ್ರದು” ಎಂದು ಗೊಣಗುತ್ತ ಕೂತರು. ಹಸಿದ ಗಂಡ ಹೊರಗೆ ಕಾಯುತ್ತಿದ್ದಾನೆಂದು ಗಬಗಬ ಮುಕ್ಕಲು ನೋಡಿದರು. “ಸಾವಕಾಶ, ನನಗೇನ ಬಸ್ಸು ಹಿಡಿಯೂದೈತಿ?” ಎಂದು ಹೊರಗಿನಿಂದ ದನಿ ಬಂತು. ತುತ್ತು ಬಾಯಲ್ಲಿದ್ದಾಗಲೇ ಅತ್ತೆಗೆ ನಗು ಬಂದು ನೆತ್ತಿಗೇರಿತು. ಖಾಲಿ ತಾಟನ್ನು ಬಾಗಿಲಲ್ಲಿ ನಿಂತು ತೋರಿಸಿದರು. ಮಾವನವರು ತಲೆಯಾಡಿಸಿ ಆರಿದ ರೊಟ್ಟಿ ಮುರಿದರು. ಒಂದು ದಿನದ ಆಟ ಅಂದುಕೊಂಡಿದ್ದೆ. ದಿನಾ ಹಾಗೆಯೇ ಕೂತರು. ಸಂತೆಯ ದಿನ ಹಂಸಭಾವಿಯ ನೆಂಟರ ಎದುರಿಗೂ ಕೂತರು.

ಚುಕ್ಕೆಗಳು ಒಂದೇ ದಿನಕ್ಕೆ ಹೋಗಲಿಲ್ಲ. ವಾರಕ್ಕೆ ನಾಲ್ಕಿದ್ದದ್ದು ಎರಡಾಯಿತು, ಆಮೇಲೆ ಒಂದು. ತಿಂಗಳ ತಪಾಸಣೆಗೆ ದಾವಣಗೆರೆಗೆ ಹೋಗುವಾಗ ಕ್ಯಾಲೆಂಡರಿನ ಎರಡು ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡೆ. ಡಾಕ್ಟರ ಮುಂದೆ ತೆಗೆಯಲು ಸಂಕೋಚ, ಅದರಲ್ಲಿ ಸಿಲಿಂಡರು, ಹೆಪ್ಪು ಎಲ್ಲ ಇದೆಯಲ್ಲ. ಅತ್ತೆಯೇ ಚೀಲದಿಂದ ಎಳೆದು ಮೇಜಿನ ಮೇಲೆ ಹರಡಿದರು.

ಡಾಕ್ಟರು ಬಹಳ ಹೊತ್ತು ನೋಡಿದರು. ಬೆರಳಿಟ್ಟು ಚೌಕ ಚೌಕ ಓದಿದರು. “ಎಷ್ಟು ಗುಳಿಗೆ ಅಂತ ಎಲ್ಲರಿಗೂ ಹೇಳ್ತೀವಿ. ನೀವು ಮನೇಲಿ ಯಾವಾಗ ಊಟ ಮಾಡ್ತೀರಿ ಅಂತ ನಾನು ಕೇಳಲೇ ಇಲ್ಲ. ಗುಳಿಗೆ ಜಾಸ್ತಿ ಮಾಡಬೇಕು ಅಂತಿದ್ದೆ. ಬೇಡ” ಎಂದರು. ಮೊದಲ ತುತ್ತಿಗೆ ಒಂದು, ಊಟದ ನಡುವೆ ಇನ್ನೊಂದು ಹೀಗೆ ಹಂಚಿಕೊಟ್ಟರೆ ಇನ್ನೂ ಒಳ್ಳೆಯದು ಎಂದು ಬರೆದರು. ರಕ್ತದಲ್ಲಿ ಸಕ್ಕರೆ ನೋಡಿದರು, ಅದೂ ಸರಿಯಿತ್ತು. ಹಾಳೆ ಮಡಚಿ ಕೊಡುತ್ತ, “ಯಾರಮ್ಮ ಬರೆದದ್ದು?” ಎಂದು ಕೇಳಿದರು.

“ನನ್ನ ಸೊಸಿರೀ” ಎಂದರು ಅತ್ತೆ. ಆ ದನಿ ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿರಬೇಕು. “ಮಾತಿಗೆ ಎದುರು ಆಡ್ತಾಳ್ರಿ, ಅದು ಬ್ಯಾರೆ. ಬರಿಯೂದು ಮಾತ್ರ ಒಂದಿನಾನೂ ತಪ್ಪಿಸಂಗಿಲ್ಲ.”

ಇಪ್ಪತ್ತಾರು ವರ್ಷದಲ್ಲಿ ಅತ್ತೆ ನನ್ನನ್ನು ಮಂದಿಯ ಮುಂದೆ ಹೊಗಳಿದ್ದು ಅದೇ ಮೊದಲು. ತಿರುಗಿ ಬರುವ ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಹೊರಗೇ ನೋಡುತ್ತ ಬಂದೆವು.

ಕುಬಸದ ಹಿಂದಿನ ದಿನ ಅತ್ತೆ ಬುತ್ತಿ ರೊಟ್ಟಿ ಬಡಿದರು, ನಾನು ಬೇಯಿಸಿದೆ. ನೂರಾ ಒಂದು. ಸಂಜೆ ಅವರ ಖಣದ ಕುಪ್ಪಸ ತೆಗೆದು, ನಾನು ಹಾಕಿದ್ದ ಹೊಲಿಗೆ ಬಿಚ್ಚಿದೆ. ಮೊದಲು ಹೊರಗಿನ ಸಾಲು, ಆಮೇಲೆ ಒಳಗಿನದು. ತೊಟ್ಟು ನೋಡಿದರೆ ತೋಳಿಗೆ ಸರಿಯಾಗಿ ಕೂತಿತು.

ಎರಡು ಬಸ್ಸು ಬದಲಿಸಿ ಶಿಗ್ಗಾಂವಿ ಮುಟ್ಟಿದೆವು. ನಡುವೆ ಎಲ್ಲಿಯೂ ಇಳಿಸಬೇಕಾಗಲಿಲ್ಲ. ಹಾವೇರಿಯಲ್ಲಿ ಇಳಿದಾಗ ಅತ್ತೆಯೇ ಮಗನಿಗೆ, “ಬಸ್ಸು ಮಸ್ತ್ ಓಡಸಿದ್ರು ಬಿಡಪಾ, ಒಬ್ಬರೂ ನಿಲ್ಲಸು ಅನ್ನಲಿಲ್ಲ” ಎಂದು ಚುಚ್ಚಿದರು.

ಮಗಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಆಯಿತು. ಊಟಕ್ಕೆ ಎಲೆ ಹಾಸಿದರು. ಬೀಗರ ಮನೆಯ ಪದ್ಧತಿಯೂ ನಮ್ಮದೇ, ಮೊದಲ ಪಂಕ್ತಿ ಗಂಡಸರದು, ಹೆಂಗಸರಲ್ಲಿ ಕುಬಸದ ಹೆಣ್ಣಿಗೆ ಮಾತ್ರ ಎಲೆ. ಬೀಗಿತ್ತಿ ಅತ್ತೆಯ ಕೈ ಹಿಡಿದು, “ನಾವು ನೀವು ಕಡೀಕೆ ಕುಂದ್ರೂಣ್ರಿ, ಮಾತಾಡ್ಕೋತ” ಎಂದರು. ಅವರ ಮನೆ, ಅವರ ಮರ್ಯಾದೆ. ನಾನು ಹೇಗೆ ಹೇಳಲಿ?

ಅತ್ತೆಗೆ ಅಂಥ ಅಳುಕೇನೂ ಇರಲಿಲ್ಲ. “ಮಾತು ಕಡೀಕೆ ಆಡೂಣ್ರಿ. ಊಟ ಮಾತ್ರ ನನಗ ಈಗ ಹಾಕ್ರಿ. ನನ್ನ ಜೊತಿ ಒಬ್ರು ಬಂದಾರ, ಅವ್ರಿಗೆ ಕಾಯೂ ರೂಢಿ ಇಲ್ಲ” ಎಂದು ನನ್ನ ಸೆರಗಿನಲ್ಲಿದ್ದ ಗುಳಿಗೆಯ ಡಬ್ಬಿ ಎತ್ತಿ ತೋರಿಸಿ, ಒಂದನ್ನು ತೆಗೆದುಕೊಂಡರು. ಹೆಂಗಸರೆಲ್ಲ ನಕ್ಕರು. ಎಲೆಯ ಸಾಲಿನಲ್ಲಿ, ಗಂಡಸರ ಪಂಕ್ತಿಯಲ್ಲಿ, ಮಾವನವರ ಎದುರಿಗೇ ಹೋಗಿ ಅತ್ತೆ ಕೂತರು. ಬಡಿಸುವವರು ಒಂದು ಗಳಿಗೆ ತಬ್ಬಿಬ್ಬಾಗಿ, ಆಮೇಲೆ ಬಡಿಸಿದರು. ಮಾವನವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಂಡತಿ ಗುಳಿಗೆ ಬಾಯಿಗೆ ಹಾಕಿ ತುತ್ತು ಮುರಿದ ಮೇಲೆ ಅವರ ಕೈ ಎಲೆಗೆ ಬಂತು.

ನಡುವೆ ಮಗಳಿಗೆ ತುಪ್ಪ ಬಡಿಸಲಿಲ್ಲ ಎಂದು ಅತ್ತೆ ಅರ್ಧ ಎದ್ದರು. ಎದುರಿನಿಂದ ಮಾವನವರು ತಲೆ ಎತ್ತಿ ನೋಡಿದರು, ಅಷ್ಟೇ. ಅತ್ತೆ ಕೂತರು. ಕೂತು, ನನ್ನ ಕಡೆ ತಿರುಗಿ, ಪಕ್ಕದ ಖಾಲಿ ಎಲೆಯ ಮೇಲೆ ಕೈ ಬಡಿದರು.

“ಕಂಬ ಹಿಡ್ಕೊಂಡು ಏನ್ ನಿಂತೀ? ನಡಬರಕ ಇನ್ನೊಂದು ಗುಳಿಗಿ ಕೊಡೂದೈತಿ ಅಂತ ನಿನಗ ನೆನಪೈತೇನು? ಬಾ, ಇಲ್ಲಿ ಕುಂದ್ರು.”

ಕೂತೆ. ಗಂಡಸರ ಪಂಕ್ತಿಯಲ್ಲಿ, ಬೀಗರ ಮನೆಯಲ್ಲಿ, ಸೊಸೆಯಾದವಳು. ಎದುರು ಸಾಲಿನಿಂದ ನಮ್ಮನೆಯವರು ಹುಬ್ಬೇರಿಸಿದರು. ಕುಬಸದ ಹೆಣ್ಣು, ನನ್ನ ಮಗಳು, ಹಸಿರು ಸೀರೆಯಲ್ಲಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಸೆರಗಿನಿಂದ ಎರಡನೆಯ ಗುಳಿಗೆ ತೆಗೆದು ಅತ್ತೆಯ ಅಂಗೈಗೆ ಹಾಕಿದೆ. ನನ್ನ ಎಲೆಗೂ ಹೋಳಿಗೆ ಬಿತ್ತು. ಎಷ್ಟೋ ಕುಬಸ, ಎಷ್ಟೋ ಮದುವೆ ಕಂಡಿದ್ದೇನೆ, ಹೋಳಿಗೆ ಬಿಸಿಯಿರುವಾಗ ನನ್ನ ಎಲೆಗೆ ಬಂದದ್ದು ಅಂದೇ. ತುಪ್ಪ ಅದರ ಮೇಲೆ ಕರಗುತ್ತಿತ್ತು.

ಮರುದಿನ ಊರಿಗೆ ಬಂದು ಬಾಗಿಲು ತೆಗೆದವಳೇ, ಚಪ್ಪಲಿ ಬಿಡುವ ಮೊದಲು, ಕ್ಯಾಲೆಂಡರಿನ ಹತ್ತಿರ ಹೋದೆ. ಹಿಂದಿನ ದಿನದ ಚೌಕದಲ್ಲಿ ಬರೆದೆ: “ಶಿಗ್ಗಾಂವಿ. ಅತ್ತೆ ಮೊದಲ ಪಂಕ್ತಿ. ಹೋಳಿಗೆ ಎರಡು, ಗುಳಿಗೆ ಎರಡು. ಹೊಟ್ಟೆ ಸರಿ.” ಇನ್ನೂ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ ಸಣ್ಣಗೆ ಸೇರಿಸಿದೆ: “ನಾನೂ.”